ಸೈಲೆನ್ಸರ್ ತುಟ್ಟಿಯಾದದ್ದು ತೆರಿಗೆಯಿಂದಷ್ಟೇ ಅಲ್ಲ

ಅಮೆರಿಕದಲ್ಲಿ ಬಂದೂಕಿಗೆ ಸೈಲೆನ್ಸರ್ ಕೊಳ್ಳುವವರು 1934ರಿಂದ ಕಟ್ಟುತ್ತ ಬಂದಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ಕೊಳ್ಳುವವರಿಗೆ ಅಷ್ಟು ಹಣ ಉಳಿಯಿತು, ನಿಜ. ಆದರೆ ಅಲ್ಲಿ ಸಾಧಾರಣ ರೈಫಲ್ ಸೈಲೆನ್ಸರ್ ಒಂದಕ್ಕೂ 500ರಿಂದ 1,000 ಡಾಲರ್ ತೆರಬೇಕಾಗಿ ಬಂದದ್ದಕ್ಕೆ ತೆರಿಗೆಗಿಂತ ಅದರ ಜೊತೆಗೇ ಬಂದ ಕಾನೂನಿನ ಕಟ್ಟುಪಾಡುಗಳೇ ಹೆಚ್ಚು ಕಾರಣ.

ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಪೇಟೆಂಟ್ ಪಡೆದ ಸೈಲೆನ್ಸರ್ ಕೆಲವೇ ಡಾಲರಿಗೆ ಸಿಗುತ್ತಿತ್ತು. ಗ್ಯಾಂಗುಗಳ ಹಾವಳಿಗೆ ಬೆಚ್ಚಿದ ಸಂಸತ್ತು 1934ರಲ್ಲಿ ವಸ್ತುವಿನ ಬೆಲೆಯ ಹಲವು ಪಟ್ಟು ತೆರಿಗೆ ಹೇರಿದ್ದು ಬೊಕ್ಕಸ ತುಂಬಲೆಂದಲ್ಲ, ಯಾರೂ ಕೊಳ್ಳದಿರಲೆಂದು. ಅಂದಿನ 200 ಡಾಲರ್ ಇಂದಿನ 4,500ಕ್ಕೂ ಹೆಚ್ಚು ಡಾಲರಿಗೆ ಸಮ. ಆದರೆ ಆ ಮೊತ್ತವನ್ನು ಮತ್ತೆ ಯಾರೂ ಏರಿಸಲಿಲ್ಲ. ಹಣದುಬ್ಬರ ಅದನ್ನು ಮೆಲ್ಲಗೆ ಕರಗಿಸಿತು. ಕರಗದೆ ಉಳಿದದ್ದು ನೋಂದಣಿ, ಬೆರಳಚ್ಚು, ಇತ್ತೀಚಿನವರೆಗೂ ತಿಂಗಳುಗಟ್ಟಲೆ ಕಾಯುವಿಕೆ.

ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಒಂದೇ ತೆರಿಗೆ ಎಂದರೆ ಏಟು ಬೀಳುವುದು ಅಗ್ಗದ್ದಕ್ಕೆ. ವಿಮಾನದ ಬಾಡಿಗೆ ಕೊಟ್ಟು ದುಬೈಗೆ ಕಳಿಸುವಾಗ ಆಯ್ದ ಮಾವನ್ನೇ ಕಳಿಸುವಂತೆ, 200 ಡಾಲರ್ ಕಟ್ಟಿ ತಿಂಗಳುಗಟ್ಟಲೆ ಕಾಯಬೇಕಿದ್ದವನು 100 ಡಾಲರಿನ ಮಾಲನ್ನೇಕೆ ಕೊಂಡಾನು? ಸೈಲೆನ್ಸರಿನ ಬಿಡಿಭಾಗವನ್ನೂ ಕಾನೂನು ಸೈಲೆನ್ಸರ್ ಎಂದೇ ಎಣಿಸುವುದರಿಂದ, ಸವೆದ ಭಾಗವನ್ನು ಮಾಲೀಕ ತಾನೇ ಬದಲಿಸುವಂತಿಲ್ಲ. ಹಾಗಾಗಿ ತಯಾರಕರು ಟೈಟಾನಿಯಂನಂಥ ಲೋಹದಲ್ಲಿ, ಜೀವಮಾನವಿಡೀ ಬಾಳುವ ಮಾಲಿನತ್ತ ವಾಲಿದರು. ತಯಾರಕರೂ ವ್ಯಾಪಾರಿಗಳೂ ಪ್ರತಿವರ್ಷ 500 ಅಥವಾ 1,000 ಡಾಲರ್ ವಿಶೇಷ ತೆರಿಗೆ ಕಟ್ಟುತ್ತಾರೆ. ಅದೂ ಕೊನೆಗೆ ಗಿರಾಕಿಯ ತಲೆಗೇ.

ದುಬಾರಿ ಲೋಹ, ನಿಖರ ಕೆಲಸ, ಇವೇ ಬೆಲೆಗೆ ಕಾರಣವಲ್ಲವೇ ಎನ್ನಬಹುದು. ಭಾಗಶಃ ಹೌದು. ಆದರೆ ಸೈಲೆನ್ಸರನ್ನು ಬೇಟೆಯ ಸಾಮಾನ್ಯ ಸಲಕರಣೆಯಂತೆ ಮಾರುವ ನಾರ್ವೆಯಲ್ಲಿ ಸರಳವಾದ ಅಗ್ಗದ ಮಾದರಿಗಳಿಗೂ ಗಿರಾಕಿಗಳಿದ್ದಾರೆ. ಅಮೆರಿಕದಲ್ಲಿ ಅಂಥ ಮಾರುಕಟ್ಟೆ ಬೆಳೆಯಲು ಕಾನೂನು ಬಿಡಲಿಲ್ಲ. ಅಗ್ಗವಾದರೆ ಅಪರಾಧ ಹೆಚ್ಚೀತು ಎಂಬ ಆತಂಕ ಮೊದಲ ಆಕ್ಷೇಪಕ್ಕಿಂತ ಗಂಭೀರವಾದದ್ದು. ಗುಂಡಿನ ಸದ್ದು ತಗ್ಗಿದರೆ ಸುತ್ತಲಿನವರಿಗೆ ಅಪಾಯದ ಅರಿವು ತಡವಾಗಬಹುದು. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಆ ಅಪಾಯವನ್ನು ತಡೆಯಬೇಕಾದದ್ದು ಕೊಳ್ಳುವವನ ಹಿನ್ನೆಲೆಯ ತಪಾಸಣೆ. ತೆರಿಗೆ ತಡೆಯುವುದು ಬಡವನನ್ನು ಮಾತ್ರ, ದುಷ್ಟನನ್ನಲ್ಲ.

ಆ ತಪಾಸಣೆಯೂ ನೋಂದಣಿಯೂ ಈಗಲೂ ಇವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಸೇರಿ ಎಂಟು ರಾಜ್ಯಗಳಲ್ಲಿ ಸಾರ್ವಜನಿಕರು ಸೈಲೆನ್ಸರ್ ಇಟ್ಟುಕೊಳ್ಳುವಂತೆಯೇ ಇಲ್ಲ. 1937ರಲ್ಲಿ ಸುಪ್ರೀಂ ಕೋರ್ಟ್ 1934ರ ಈ ಕಾಯ್ದೆಯನ್ನು ಎತ್ತಿಹಿಡಿದದ್ದು ತೆರಿಗೆ ಹಾಕುವ ಅಧಿಕಾರದ ಆಧಾರದ ಮೇಲೆ. ತೆರಿಗೆಯೇ ಇಲ್ಲವಾದ ಮೇಲೆ ನೋಂದಣಿಗೆ ಆಧಾರವೇನು ಎಂಬ ಪ್ರಶ್ನೆ ಈಗ ನ್ಯಾಯಾಲಯದ ಮೆಟ್ಟಿಲೇರಿದೆ. ಬೆಲೆ ನಿಜವಾಗಿ ಎಷ್ಟು ಇಳಿದೀತು ಎಂಬುದು ಆ ತೀರ್ಪನ್ನೇ ಹೆಚ್ಚಾಗಿ ಅವಲಂಬಿಸಿದೆ.