ಪ್ರೀಮಿಯರ್ ಪದ್ಮಿನಿ ದಾರಿ ಮಧ್ಯೆ ನಿಲ್ಲುತ್ತಿದೆಯೇ? ಮೊದಲು ಇದನ್ನು ಪರೀಕ್ಷಿಸಿ

ಥಾಣೆ: ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ಮುಂಬೈ ಟ್ಯಾಕ್ಸಿ ಸೇವೆಯಿಂದ ನಿವೃತ್ತಿಯಾಯಿತು. ಆದರೆ ಥಾಣೆ, ಡೊಂಬಿವ್ಲಿ, ಕಲ್ಯಾಣ್, ನವಿ ಮುಂಬೈ ಟ್ರಾಫಿಕ್‌ನಲ್ಲಿ ಈ ಹಳೆಯ ಕಾರು ಓಡಿಸುವವರಿಗೆ ಎಂಜಿನ್ ದಿಢೀರ್ ನಿಲ್ಲುವುದೇ ತಲೆನೋವು.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಪೈಪ್‌ನೊಳಗೆ ಪೆಟ್ರೋಲ್ ಆವಿಯಾಗಿ ಹರಿವು ತಡೆದಿರಬಹುದು. ಇದೇ ವೇಪರ್ ಲಾಕ್. ಬಾನೆಟ್ ತೆರೆದು ಎಂಜಿನ್ ಆರಲು ಬಿಡಿ.

ತಣ್ಣಗಿದ್ದಾಗಲೂ ಎಳೆತ ಕಡಿಮೆಯಿದ್ದರೆ ಫಿಲ್ಟರ್, ಪಂಪ್, ಕಾರ್ಬ್ಯುರೇಟರ್ ಜೆಟ್ ಅನ್ನು ಇದೇ ಕ್ರಮದಲ್ಲಿ ನೋಡಿ. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಪಂಪ್‌ನ ಡಯಾಫ್ರಾಮ್ ಹರಿದಿರುವ ಸಾಧ್ಯತೆ ಇದೆ.

ಶೇ.20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪ್‌ಗಳನ್ನು ಕೆಡಿಸಬಲ್ಲದು. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಹಾಗಾಗಿ ಪೈಪ್ ಬಿರುಕು ಬಿಟ್ಟಿದ್ದರೆ ಎಥೆನಾಲ್ ತಾಳುವ ಹೊಸ ಪೈಪ್ ಹಾಕಿಸದೆ ಕಾರು ಹೊರತೆಗೆಯಬೇಡಿ.