ಪ್ರಿಂಟರಿನ ಉಳಿದರ್ಧ

ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಲೇಸರ್ ಪ್ರಿಂಟರೊಂದು ಇನ್ನೂ ಗಟ್ಟಿಮುಟ್ಟಾಗಿ ಉಳಿದಿರುವ ಮನೆಗಳು ನಮ್ಮಲ್ಲಿ ಬಹಳವಿವೆ. ಟೋನರ್ ಪುಡಿಯನ್ನು ಪೇಟೆಯ ಅಂಗಡಿಯಲ್ಲಿ ಮತ್ತೆ ಮತ್ತೆ ತುಂಬಿಸಿಕೊಂಡು, ಮಕ್ಕಳ ಶಾಲೆಯ ಪ್ರಾಜೆಕ್ಟು, ರೈಲಿನ ಟಿಕೆಟ್ಟು, ಆಧಾರ್ ಕಾರ್ಡಿನ ಪ್ರತಿ, ಊರಿನ ಜಮೀನಿನ ಪಹಣಿ ಮೊದಲಾದುವನ್ನು ಕಾಲಕಾಲಕ್ಕೆ ಒದಗಿಸುತ್ತ ಬಂದ ಈ ಯಂತ್ರವು ಯಾವ ಗಣಕಯಂತ್ರದ ಪಕ್ಕದಲ್ಲಿ ಪ್ರತಿಷ್ಠಾಪಿತವಾಗಿತ್ತೋ ಆ ಗಣಕಯಂತ್ರ ಮಾತ್ರ ಈಗ ಮೇಜಿನ ಮೇಲಿಲ್ಲ. ಅದರ ಕೆಲಸವನ್ನು ಲ್ಯಾಪ್‌ಟಾಪೂ ಮೊಬೈಲೂ ವಹಿಸಿಕೊಂಡಿವೆ. ಅವೆರಡೂ ಮನೆಯೊಳಗೆ ಒಂದೆಡೆ ನಿಲ್ಲುವಂಥವಲ್ಲ. ಆದಕಾರಣ, ಪ್ರಿಂಟರ್ ತನ್ನ ಮೂಲೆಯಲ್ಲಿಯೇ ಇರಲಿ, ಮನೆಯವರು ಯಾವ ಕೋಣೆಯಿಂದ ಆಜ್ಞಾಪಿಸಿದರೂ ಕಾಗದ ಹೊರಬರಲಿ ಎಂಬ ಅಪೇಕ್ಷೆ ಗೃಹಸ್ಥನಲ್ಲಿ ಅಂಕುರಿಸುವುದು ಸಹಜವೇ ಸರಿ. ಈ ಅಪೇಕ್ಷೆಯನ್ನು ಪೂರೈಸುವೆನೆಂದು ಹೇಳಿಕೊಂಡು ಬರುವ ಸಾಧನಕ್ಕೆ ನಿಸ್ತಂತು ಪ್ರಿಂಟ್ ಸರ್ವರ್ ಎಂದು ಹೆಸರು: ಒಂದು ಕಡೆ ಯುಎಸ್‌ಬಿ ಕಿಂಡಿ, ಇನ್ನೊಂದು ಕಡೆ ವೈಫೈ ಆಂಟೆನಾ, ನಡುವೆ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ. ನೋಡಿದರೆ ಅರ್ಧ ಗಂಟೆಯ ಕೆಲಸವೆನಿಸುವುದು. ಆದರೆ ಇದನ್ನು ಕೈಗೆತ್ತಿಕೊಂಡವರಲ್ಲಿ ಅನೇಕರು ಒಂದು ಭಾನುವಾರವನ್ನು ಸಂಪೂರ್ಣವಾಗಿ ಅರ್ಪಿಸಿ, ಸಂಜೆಯಾಗುತ್ತಲೇ ಬೀದಿಯ ತುದಿಯಲ್ಲಿರುವ ಜೆರಾಕ್ಸ್ ಅಂಗಡಿಯ ಕಡೆಗೆ ಹೆಜ್ಜೆ ಹಾಕಿದವರೇ.

ಹೀಗಾದಾಗ ಜನರು ವೈಫೈಯನ್ನು ದೂಷಿಸುವುದು ವಾಡಿಕೆ. ಅದಕ್ಕೂ ಒಂದಷ್ಟು ಪಾಲು ಸಲ್ಲತಕ್ಕದ್ದೇ. ಆದರೆ ಮುಖ್ಯ ಅಪರಾಧಿ ಅದಲ್ಲವೆಂದು ನನ್ನ ಅಭಿಪ್ರಾಯ. ನಾವು ಪ್ರಿಂಟರ್ ಎಂದು ಕರೆಯುವ ಪೆಟ್ಟಿಗೆಯೊಳಗೆ ಇರುವುದು ವಾಸ್ತವವಾಗಿ ಪ್ರಿಂಟರಿನ ಅರ್ಧಭಾಗ ಮಾತ್ರ. ಉಳಿದರ್ಧವು ಡ್ರೈವರ್ ಎಂಬ ಹೆಸರಿನಿಂದ ಗಣಕಯಂತ್ರದೊಳಗೆ ಅಗೋಚರವಾಗಿ ವಾಸಿಸುತ್ತದೆ. ತಂತಿಯನ್ನು ಕಳಚಿದಾಗ ನಾವು ಒಂದು ಯಂತ್ರವನ್ನು ಇನ್ನೊಂದರಿಂದ ಬೇರ್ಪಡಿಸಿದೆವೆಂದು ಭಾವಿಸುತ್ತೇವೆ. ಆದರೆ ಬೇರ್ಪಟ್ಟದ್ದು ಒಂದೇ ಯಂತ್ರದ ಎರಡು ಹೋಳುಗಳು.

ಪ್ರಾರಂಭದಲ್ಲಿ ಹೀಗಿರಲಿಲ್ಲ. 1985ರಲ್ಲಿ ಆ್ಯಪಲ್ ಸಂಸ್ಥೆ ಹೊರತಂದ ಲೇಸರ್‌ರೈಟರ್ ಎಂಬ ಪ್ರಿಂಟರಿನೊಳಗಿದ್ದ ಪ್ರೊಸೆಸರು, ಅದಕ್ಕೆ ಆಜ್ಞೆ ಕೊಡುತ್ತಿದ್ದ ಅಂದಿನ ಮ್ಯಾಕಿಂಟಾಷ್ ಗಣಕಯಂತ್ರದ ಪ್ರೊಸೆಸರಿಗಿಂತ ವೇಗಶಾಲಿಯಾಗಿತ್ತು. ಬೆಲೆಯೂ ಹಾಗೆಯೇ, ಸುಮಾರು 7,000 ಡಾಲರು. ಗಣಕಯಂತ್ರವು ಪುಟದ ವರ್ಣನೆಯನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದು ಕಳುಹಿಸಿದರೆ ಸಾಕು, ಅಕ್ಷರವೆಲ್ಲಿ, ಗೆರೆಯೆಲ್ಲಿ, ಚಿತ್ರವೆಲ್ಲಿ ಎಂಬುದನ್ನು ಓದಿ ಅರ್ಥೈಸಿಕೊಂಡು ಚುಕ್ಕಿಗಳಾಗಿ ಮಾರ್ಪಡಿಸುವ ಹೊಣೆಯನ್ನು ಪ್ರಿಂಟರೇ ಹೊರುತ್ತಿತ್ತು. ಅದು ಅಡಿಗೆಭಟ್ಟ: ಏನು ಬೇಕೆಂದು ಹೇಳಿದರೆ ತಾನೇ ಬೇಯಿಸಿ ಬಡಿಸಬಲ್ಲವನು. ಆದರೆ ಭಟ್ಟನ ಸಂಬಳ ದುಬಾರಿ. ಗಣಕಯಂತ್ರಗಳು ವರ್ಷದಿಂದ ವರ್ಷಕ್ಕೆ ಬಲಿಷ್ಠವಾಗುತ್ತ ಬಂದಂತೆ ಅಡಿಗೆಯನ್ನೆಲ್ಲ ಅಲ್ಲಿಯೇ ಮುಗಿಸಿ, ಪ್ರಿಂಟರಿಗೆ ಬಡಿಸುವ ಕೆಲಸವನ್ನಷ್ಟೇ ಉಳಿಸಿದರೆ ಬೆಲೆಯನ್ನು ಎಷ್ಟೋ ಇಳಿಸಬಹುದೆಂದು ತಯಾರಕರು ಕಂಡುಕೊಂಡರು. ನಮ್ಮ ಕಚೇರಿಗಳಲ್ಲಿಯೂ ಡಿಟಿಪಿ ಅಂಗಡಿಗಳಲ್ಲಿಯೂ ಸೈಬರ್ ಕೆಫೆಗಳಲ್ಲಿಯೂ ಮನೆಮಾತಾದ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಮುಂತಾದುವು ಈ ಜಾತಿಗೆ ಸೇರಿದವು.

1020ರ ನೆನಪಿನ ಶಕ್ತಿ 2 ಎಂಬಿ ಮಾತ್ರ. ಎ4 ಅಳತೆಯ ಪುಟವೊಂದನ್ನು ಅಂಗುಲಕ್ಕೆ 600 ಚುಕ್ಕಿಗಳಂತೆ ಮುದ್ರಿಸಬೇಕಾದರೆ ಸುಮಾರು ಮೂರೂವರೆ ಕೋಟಿ ಚುಕ್ಕಿಗಳಾಗುತ್ತವೆ. ಬರಿಯ ಕಪ್ಪು ಬಿಳುಪೆಂದು ಲೆಕ್ಕ ಹಾಕಿದರೂ ಅದಕ್ಕೆ 4 ಎಂಬಿಗಿಂತ ಹೆಚ್ಚಿನ ಸ್ಥಳ ಬೇಕು. ಎಂದಮೇಲೆ ಒಂದು ಪೂರ್ಣ ಪುಟವನ್ನು ಬಿಡಿಸಿ ಇಟ್ಟುಕೊಳ್ಳುವಷ್ಟು ಜಾಗವೂ ಆ ಯಂತ್ರದಲ್ಲಿಲ್ಲ. ಚುಕ್ಕಿಗಳನ್ನು ಲೆಕ್ಕ ಹಾಕಿ, ಸಂಕುಚಿತಗೊಳಿಸಿ, ತನ್ನದೇ ಆದ ಸಂಕೇತದಲ್ಲಿ ಕಟ್ಟಿ ಕಳುಹಿಸಬೇಕಾದುದು ಡ್ರೈವರಿನ ಕರ್ತವ್ಯ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಈ ಮಾದರಿಯ ಪ್ರಿಂಟರಿನಲ್ಲಿ ಅದರ ಮೂಲಭೂತ ಕಾರ್ಯಕ್ರಮವೂ, ಅರ್ಥಾತ್ ಫರ್ಮ್‌ವೇರೂ, ಶಾಶ್ವತವಾಗಿ ಸಂಗ್ರಹವಾಗಿರುವುದಿಲ್ಲ. ಸ್ವಿಚ್ಚು ಒತ್ತಿದಾಗಲೆಲ್ಲ ಗಣಕಯಂತ್ರವು ಅದನ್ನು ಹೊಸದಾಗಿ ಕಳುಹಿಸಿಕೊಡಬೇಕು. ಹತ್ತು ನಿಮಿಷ ಕರೆಂಟು ಹೋಗಿ ಬಂದರೆ ಪ್ರಿಂಟರಿಗೆ ತಾನು ಯಾರೆಂಬುದೇ ಮರೆತುಹೋಗಿರುತ್ತದೆ.

ಇಂಥ ಪ್ರಿಂಟರನ್ನು ಆ ಪ್ಲಾಸ್ಟಿಕ್ ಪೆಟ್ಟಿಗೆಗೆ ಜೋಡಿಸಿದರೆ ಏನಾಗುವುದೆಂದು ಈಗ ಊಹಿಸುವುದು ಕಷ್ಟವಲ್ಲ. ಜಾಲದ ಮೂಲಕ ಪ್ರಿಂಟರನ್ನು ಹಂಚಿಕೊಳ್ಳುವ ವಿಚಾರ ಹೊಸತೇನೂ ಅಲ್ಲ. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ 1973ರಲ್ಲಿ ಈಥರ್ನೆಟ್ ಹುಟ್ಟಿದುದಕ್ಕೆ, ಅಲ್ಲಿಯ ಗಣಕಯಂತ್ರಗಳನ್ನೆಲ್ಲ ಒಂದೇ ಲೇಸರ್ ಪ್ರಿಂಟರಿಗೆ ಜೋಡಿಸಬೇಕೆಂಬ ಅಗತ್ಯವೂ ಒಂದು ಕಾರಣ. ಮುಂದೆ 1990ರ ದಶಕದಲ್ಲಿ ಎಚ್‌ಪಿಯ ಜೆಟ್‌ಡೈರೆಕ್ಟ್ ಕಾರ್ಡುಗಳು ಕಚೇರಿಗಳಲ್ಲಿ ರೂಢಿಗೆ ಬಂದುವು. ಅವು 9100ನೆಯ ಪೋರ್ಟಿಗೆ ಬಂದುದನ್ನು ಹಾಗೆಯೇ ಪ್ರಿಂಟರಿನೊಳಕ್ಕೆ ಸುರಿಯುತ್ತಿದ್ದುವು. ಇಂದಿನ ಅಗ್ಗದ ಪೆಟ್ಟಿಗೆಗಳಲ್ಲಿ ಬಹುಪಾಲು ಅನುಸರಿಸುವುದು ಇದೇ ಪದ್ಧತಿಯನ್ನು. ಆದರೆ ಅಂದಿನ ಕಚೇರಿಯ ಪ್ರಿಂಟರುಗಳು ಪೂರ್ಣಯಂತ್ರಗಳಾಗಿದ್ದುವು. ಸುರಿದುದನ್ನು ತಾವೇ ಅರ್ಥೈಸಿಕೊಳ್ಳುತ್ತಿದ್ದುವು. ಮನೆಯ ಅರ್ಧಯಂತ್ರಕ್ಕೆ ಆ ಸಾಮರ್ಥ್ಯವಿಲ್ಲ. ಅದು ಗಣಕಯಂತ್ರದೊಡನೆ ಎರಡೂ ದಿಕ್ಕಿನ ಸಂಭಾಷಣೆಯನ್ನು ನಿರೀಕ್ಷಿಸುತ್ತದೆ, ಪೆಟ್ಟಿಗೆಯೋ ಒಂದೇ ದಿಕ್ಕಿನಲ್ಲಿ ಸುರಿಯುವುದನ್ನಷ್ಟೇ ಬಲ್ಲದು. ಇನ್ನೊಂದು ಜಾತಿಯ ಪೆಟ್ಟಿಗೆಗಳುಂಟು; ಅವು ಯುಎಸ್‌ಬಿ ತಂತಿಯ ಸಂಕೇತಗಳನ್ನೇ ಜಾಲದ ಮೇಲೆ ಹೊತ್ತೊಯ್ದು, ಪ್ರಿಂಟರು ನೇರವಾಗಿ ತನಗೇ ಜೋಡಿಸಲ್ಪಟ್ಟಿದೆಯೆಂಬ ಭ್ರಮೆಯನ್ನು ಗಣಕಯಂತ್ರದಲ್ಲಿ ಉಂಟುಮಾಡುತ್ತವೆ. ಇಲ್ಲಿ ಸಂಭಾಷಣೆಗೆ ಭಂಗವಿಲ್ಲ. ಆದರೆ ಪ್ರತಿಯೊಂದು ಗಣಕಯಂತ್ರದಲ್ಲಿಯೂ ಪೆಟ್ಟಿಗೆಯ ತಯಾರಕರದೇ ತಂತ್ರಾಂಶವನ್ನು ಹಾಕಬೇಕು, ಒಬ್ಬರು ಹಿಡಿದುಕೊಂಡಿರುವಾಗ ಇನ್ನೊಬ್ಬರು ಕಾಯಬೇಕು, ಮತ್ತು ಮೊಬೈಲಿನಿಂದ ಮುದ್ರಿಸುವ ಆಸೆಯನ್ನು ಸಾಮಾನ್ಯವಾಗಿ ಬಿಡಬೇಕು.

ಪೆಟ್ಟಿಗೆಯನ್ನು ಮನೆಯ ಜಾಲಕ್ಕೆ ಸೇರಿಸುವುದೇ ಒಂದು ಪ್ರತ್ಯೇಕ ಪರೀಕ್ಷೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ವೈಫೈ ಪಾಸ್‌ವರ್ಡನ್ನು ಅದಕ್ಕೆ ತಿಳಿಸುವುದಾದರೂ ಹೇಗೆ? ಇದಕ್ಕಾಗಿ ಅದು ಮೊದಲು ತನ್ನದೇ ಒಂದು ಪುಟ್ಟ ವೈಫೈ ಜಾಲವನ್ನು ಹರಡುತ್ತದೆ. ಮೊಬೈಲನ್ನು ಆ ಜಾಲಕ್ಕೆ ಸೇರಿಸಿ, ಅಲ್ಲಿ ತೆರೆಯುವ ಪುಟದಲ್ಲಿ ಮನೆಯ ಪಾಸ್‌ವರ್ಡನ್ನು ಬರೆಯಬೇಕು. ಆದರೆ ನಮ್ಮ ಮೊಬೈಲು ಮಹಾಬುದ್ಧಿವಂತ. ಈ ಜಾಲದಲ್ಲಿ ಇಂಟರ್ನೆಟ್ ಇಲ್ಲವೆಂಬುದನ್ನು ಕೂಡಲೇ ಗ್ರಹಿಸಿ, ಯಜಮಾನನ ಹಿತಕ್ಕಾಗಿಯೇ ಎಂಬಂತೆ ಸದ್ದಿಲ್ಲದೆ ಸಿಮ್ ಕಾರ್ಡಿನ ಡೇಟಾದ ಕಡೆಗೆ ಹೊರಳುತ್ತದೆ. ಪುಟವು ತೆರೆಯುವುದೇ ಇಲ್ಲ. ಮೊಬೈಲ್ ಡೇಟಾವನ್ನು ಆ ಹೊತ್ತಿಗೆ ಆರಿಸಿಟ್ಟರೆ ಕೆಲಸವಾಗುತ್ತದೆಂಬ ಸರಳ ಉಪಾಯವನ್ನು ಕೈಪಿಡಿಯಲ್ಲಿ ಯಾರೂ ಬರೆದಿರುವುದಿಲ್ಲ. ಅದನ್ನು ದಾಟಿದಮೇಲೆ ಎದುರಾಗುವುದು ತರಂಗಗಳ ಭೇದ. ಈಚಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಒಂದೇ ಹೆಸರಿನಿಂದ ಪ್ರಸಾರ ಮಾಡುತ್ತವೆ; ಪೆಟ್ಟಿಗೆಯು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಬಲ್ಲದು. ರೂಟರಿನಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಭದ್ರತೆಯನ್ನಷ್ಟೇ ಅನುಮತಿಸಿದ್ದರೆ ಹಳೆಯ ಪೆಟ್ಟಿಗೆಗೆ ಬಾಗಿಲೇ ತೆರೆಯದು. ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರಿಟ್ಟು, ಭದ್ರತೆಯನ್ನು ಡಬ್ಲ್ಯುಪಿಎ2ಗೆ ಹೊಂದಿಸುವುದು ಇದಕ್ಕೆ ಪರಿಹಾರ.

ಸ್ವಲ್ಪ ಸಾಹಸಪ್ರವೃತ್ತಿಯುಳ್ಳವರು ಈ ಪೆಟ್ಟಿಗೆಗಳ ಸಹವಾಸವನ್ನೇ ಬಿಟ್ಟು, 2012ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಎಂಬ ಕಿರುಗಣಕವನ್ನು ಪ್ರಿಂಟರಿನ ಪಕ್ಕದಲ್ಲಿ ಕೂರಿಸುವುದುಂಟು. ನನ್ನ ಒಲವು ಇದರ ಕಡೆಗೆ. ಏಕೆಂದರೆ ಪ್ರಿಂಟರು ಕಳೆದುಕೊಂಡ ಅರ್ಧವನ್ನು ಅದಕ್ಕೆ ಮರಳಿ ಒದಗಿಸಬಲ್ಲ ಮಾರ್ಗ ಇದು. ಅದರಲ್ಲಿ ನಡೆಯುವ ತಂತ್ರಾಂಶ ಕಪ್ಸ್. ಮೈಕೇಲ್ ಸ್ವೀಟ್ ಎಂಬಾತನು 1997ರಲ್ಲಿ ಆರಂಭಿಸಿ 1999ರಲ್ಲಿ ಹೊರತಂದ ಇದನ್ನು ಆ್ಯಪಲ್ ಸಂಸ್ಥೆಯೂ 2002ರಲ್ಲಿ ತನ್ನ ಮ್ಯಾಕ್ ಗಣಕಗಳಿಗೆ ಅಂಗೀಕರಿಸಿತು. ಡ್ರೈವರು ಪೈಯಲ್ಲಿ ನೆಲೆಗೊಂಡ ಮೇಲೆ ಲ್ಯಾಪ್‌ಟಾಪಾಗಲಿ ಮೊಬೈಲಾಗಲಿ ಪ್ರಿಂಟರಿನ ಸ್ವಭಾವವನ್ನು ಅರಿಯಬೇಕಾಗಿಲ್ಲ; ಪುಟವನ್ನು ಪಿಡಿಎಫ್ ರೂಪದಲ್ಲಿ ಕೊಟ್ಟರೆ ಪೈಯೇ ಚುಕ್ಕಿಗಳನ್ನು ಹೆಣೆಯುತ್ತದೆ, ಪ್ರಿಂಟರಿನ ಸ್ವಿಚ್ಚು ಒತ್ತಿದಾಗ ಫರ್ಮ್‌ವೇರನ್ನೂ ತಾನಾಗಿಯೇ ಕಳುಹಿಸುವಂತೆ ಏರ್ಪಡಿಸಬಹುದು. ಆದರೆ ಪೈಯನ್ನು ನಡೆಸುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಗೆ ತಯಾರಕರು ಕೊಡುವ ಡ್ರೈವರುಗಳು ಅನೇಕ ವೇಳೆ ಇಂಟೆಲ್ ಜಾತಿಯ ಪ್ರೊಸೆಸರುಗಳಿಗೆ ಮಾತ್ರ ಸಿದ್ಧಪಡಿಸಿದವು. ಪೈಯಲ್ಲಿರುವುದು ಆರ್ಮ್ ಜಾತಿಯದು. 1020ರಂಥ ಯಂತ್ರಗಳಿಗೆ ಉತ್ಸಾಹಿಗಳು ಸ್ವಂತ ಪರಿಶ್ರಮದಿಂದ ರಚಿಸಿದ ಡ್ರೈವರುಗಳಿವೆ. ಎಲ್ಲ ಯಂತ್ರಗಳಿಗೂ ಆ ಭಾಗ್ಯವಿಲ್ಲವಾದುದರಿಂದ, ಪೈಯನ್ನು ಕೊಳ್ಳುವ ಮೊದಲು ನಮ್ಮ ಪ್ರಿಂಟರಿಗೆ ಅಂಥದೊಂದು ಡ್ರೈವರು ಇದೆಯೇ ಎಂದು ವಿಚಾರಿಸಿಕೊಳ್ಳುವುದು ಹಣ ಉಳಿಸುವ ಮಾರ್ಗ.

ಇಷ್ಟೆಲ್ಲ ಆಗಿ ಮೊದಲ ಹಾಳೆ ಹೊರಬಿದ್ದ ದಿನ ಮನೆಯಲ್ಲಿ ಸಂಭ್ರಮ. ಒಂದು ವಾರದ ಅನಂತರ, ನಾಳೆ ಬೆಳಿಗ್ಗೆಯೇ ಶಾಲೆಗೆ ಒಯ್ಯಬೇಕಾದ ಕಾಗದವನ್ನು ಹಿಡಿದು ಮಗಳು ರಾತ್ರಿ ಹತ್ತು ಗಂಟೆಗೆ "ಅಪ್ಪಾ, ಪ್ರಿಂಟರ್ ಆಫ್‌ಲೈನ್ ಅಂತ ಬರ್ತಿದೆ" ಎಂದು ಕೂಗುತ್ತಾಳೆ. ಈ ಆಫ್‌ಲೈನ್ ಎಂಬ ಒಂದೇ ಮಾತಿನ ಹಿಂದೆ ಅಡಗಿರುವ ಕಾರಣಗಳು ಅನೇಕ. ಬಹುಸಾಮಾನ್ಯವಾದುದು ವಿಳಾಸದ ಬದಲಾವಣೆ. ಮನೆಯ ರೂಟರು ತನ್ನಲ್ಲಿಗೆ ಬಂದ ಯಂತ್ರಗಳಿಗೆ ಐಪಿ ವಿಳಾಸವನ್ನು ಶಾಶ್ವತವಾಗಿ ದಾನ ಮಾಡುವುದಿಲ್ಲ, ನಿಯತ ಅವಧಿಗೆ ಗೇಣಿಗೆ ಕೊಡುತ್ತದೆ. ಕರೆಂಟು ಹೋಗಿ ಎಲ್ಲವೂ ಏಕಕಾಲದಲ್ಲಿ ಮರುಜನ್ಮ ಪಡೆದಾಗ ನಿನ್ನೆ ಪ್ರಿಂಟರಿನದಾಗಿದ್ದ ವಿಳಾಸ ಇಂದು ಟಿವಿಯ ಪಾಲಿಗೆ ಬಂದಿರಬಹುದು. ಲ್ಯಾಪ್‌ಟಾಪು ಮಾತ್ರ ಹಳೆಯ ವಿಳಾಸಕ್ಕೇ ಪುಟಗಳನ್ನು ರವಾನಿಸುತ್ತಿರುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಪ್ರಿಂಟ್ ಸರ್ವರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿಬಿಟ್ಟರೆ ಈ ಪೀಡೆ ನಿವಾರಣೆಯಾಗುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಓದುಗರು ಇದನ್ನು ಇಟ್ಟುಕೊಳ್ಳಲಿ. ಎರಡನೆಯದು ಮೊಬೈಲಿಗೆ ಸಂಬಂಧಿಸಿದ್ದು: ಅದು ಪ್ರಿಂಟರನ್ನು ಹುಡುಕುವಾಗ ಜಾಲದಲ್ಲಿರುವ ಎಲ್ಲರನ್ನೂ ಉದ್ದೇಶಿಸಿ "ಇಲ್ಲಿ ಪ್ರಿಂಟರ್ ಯಾರಿದ್ದೀರಿ?" ಎಂದು ಸಾರುತ್ತದೆ, ಪ್ರಿಂಟರು ಓಗೊಡಬೇಕು. ಕೆಲವು ರೂಟರುಗಳು ಇಂಥ ಸಾಮೂಹಿಕ ಕರೆಗಳನ್ನು ವೈಫೈಯಿಂದ ವೈಫೈಗೆ ದಾಟಿಸುವುದಿಲ್ಲ. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ಜಾಲದಲ್ಲಂತೂ ಒಂದು ಯಂತ್ರ ಇನ್ನೊಂದರ ಮುಖವನ್ನೇ ನೋಡದಂತೆ ಉದ್ದೇಶಪೂರ್ವಕವಾಗಿ ತಡೆಯಿರುತ್ತದೆ. ಮೂರನೆಯದು ಹಾಸ್ಯಾಸ್ಪದ. ವಿಂಡೋಸ್, ಪ್ರಿಂಟರಿನ ಕುಶಲವನ್ನು ಎಸ್‌ಎನ್‌ಎಂಪಿ ಎಂಬ ವಿಧಾನದಿಂದ ವಿಚಾರಿಸುತ್ತದೆ. ಆ ಭಾಷೆ ಬಾರದ ಪೆಟ್ಟಿಗೆ ಉತ್ತರಿಸದಿದ್ದರೆ, ಆರೋಗ್ಯವಾಗಿರುವ ಪ್ರಿಂಟರನ್ನೂ ಆಫ್‌ಲೈನ್ ಎಂದು ಘೋಷಿಸಿಬಿಡುತ್ತದೆ. ಪೋರ್ಟಿನ ಸೆಟ್ಟಿಂಗಿನಲ್ಲಿ ಒಂದು ಗುರುತನ್ನು ತೆಗೆದರೆ ಸತ್ತನೆಂದು ಸಾರಿದವನು ಎದ್ದು ಕೂರುತ್ತಾನೆ.

ಮನೆಯಲ್ಲಿ ಸದಾ ಚಾಲೂ ಇರುವ ಇನ್ನೊಂದು ವಿಂಡೋಸ್ ಗಣಕಯಂತ್ರದ ಮೂಲಕವೇ ಪ್ರಿಂಟರನ್ನು ಹಂಚಿಕೊಂಡವರಿಗೂ ನೆಮ್ಮದಿ ಸ್ಥಿರವಾಗಿರಲಿಲ್ಲ: ಮುದ್ರಣ ವ್ಯವಸ್ಥೆಯ ಭದ್ರತಾ ಲೋಪಗಳನ್ನು ಮುಚ್ಚಲೆಂದು 2021ರ ಸೆಪ್ಟೆಂಬರಿನಲ್ಲಿ ಬಂದ ಅಪ್‌ಡೇಟಿನ ತರುವಾಯ, ಅಲ್ಲಿಯವರೆಗೆ ಸರಾಗವಾಗಿ ನಡೆಯುತ್ತಿದ್ದ ಹಂಚಿಕೆ ಅನೇಕ ಕಡೆ ರಾತ್ರೋರಾತ್ರಿ ನಿಂತುಹೋಯಿತು.

ಪ್ರಿಂಟರಿನ ಈ ಮೌನದ ಮೇಲಿನ ಸಿಟ್ಟಿಗೆ ಚರಿತ್ರೆಯಲ್ಲಿ ಒಂದು ಗೌರವಾನ್ವಿತ ಸ್ಥಾನವುಂಟು. ಅಮೆರಿಕದ ಎಂಐಟಿಯಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆಲ್ಲ ಸೂಚನೆ ಹೋಗುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿನಲ್ಲಿ ಅಲ್ಲಿಗೆ ಬಂದ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರಿಗೂ ಹಾಗೆಯೇ ಮಾಡಹೊರಟಾಗ ಅದರ ಮೂಲಸಂಕೇತ ಅವರಿಗೆ ದೊರೆಯಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾಲಯದವರು, ಕೊಡೆವೆಂದು ತಾವು ಕರಾರು ಮಾಡಿಕೊಂಡಿರುವುದಾಗಿ ತಿಳಿಸಿದರು. 1983ರಲ್ಲಿ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಗೂ, ಅದರಿಂದ ಬೆಳೆದ ಸ್ವತಂತ್ರ ತಂತ್ರಾಂಶ ಚಳವಳಿಗೂ ಈ ಪ್ರಸಂಗವೊಂದು ಪ್ರೇರಣೆಯೆಂದು ಅವರೇ ಅನೇಕ ಬಾರಿ ಹೇಳಿದ್ದಾರೆ.

ಕನ್ನಡಿಗರಿಗೆ ಪ್ರತ್ಯೇಕವಾಗಿ ಮೀಸಲಾದ ತೊಡಕೂ ಒಂದಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದ ಪತ್ರವನ್ನು, ಆ ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದು ಮುದ್ರಣಕ್ಕೆ ಕಳುಹಿಸಿದರೆ, ಕಾಗದದ ಮೇಲೆ ಮೂಡುವುದು ಲ್ಯಾಟಿನ್ ಅಕ್ಷರಗಳ ಅರ್ಥಹೀನ ಸಂತೆ. ಪ್ರಿಂಟ್ ಸರ್ವರು ಇಲ್ಲಿ ನಿರ್ದೋಷಿ; ಫಾಂಟು ಇರುವ ಗಣಕಯಂತ್ರದಲ್ಲಿಯೇ ಪಿಡಿಎಫ್ ಮಾಡಿಕೊಂಡು ಬಂದರೆ ಅಕ್ಷರಗಳು ಕೆಡುವುದಿಲ್ಲ.

ಹೊಸದಾಗಿ ಪ್ರಿಂಟರ್ ಕೊಳ್ಳುವವರಿಗೆ ಈ ಪುರಾಣದ ಬಹುಭಾಗ ಅನಾವಶ್ಯಕ. 2010ರಲ್ಲಿ ಆ್ಯಪಲ್ ತಂದ ಏರ್‌ಪ್ರಿಂಟ್, 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಕಂಪನಿಗಳು ಕೂಡಿ ಸ್ಥಾಪಿಸಿದ ಮೋಪ್ರಿಯ ಕೂಟ, ಇವುಗಳ ಫಲವಾಗಿ ಪ್ರಿಂಟರು ಮತ್ತೆ ಪೂರ್ಣಯಂತ್ರವಾಗುತ್ತಿದೆ. ಐಪಿಪಿ ಎಂಬ ಸಾರ್ವಜನಿಕ ನಿಯಮಾವಳಿಯಂತೆ ಪುಟವನ್ನು ಸ್ವೀಕರಿಸಿ ತಾನೇ ಮುದ್ರಿಸುತ್ತದೆ, ಡ್ರೈವರಿನ ಹಂಗು ಬೇಕಿಲ್ಲ. ಆದುದರಿಂದ ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ಈ ಎರಡರಲ್ಲಿ ಒಂದರ ಚಿಹ್ನೆಯನ್ನಾದರೂ ನೋಡಿ ಕೊಳ್ಳತಕ್ಕದ್ದು. ಅಂತರಜಾಲದ ಮೂಲಕ ಸುತ್ತಿಬಂದು ಮುದ್ರಿಸುವ ಸೇವೆಗಳನ್ನು ಮಾತ್ರ ನಾನು ಅಷ್ಟಾಗಿ ನಂಬೆನು. ಗೂಗಲ್ ಸಂಸ್ಥೆಯ ಕ್ಲೌಡ್ ಪ್ರಿಂಟ್ ಹತ್ತು ವರ್ಷ ನಡೆದು 2020ರ ಡಿಸೆಂಬರ್ 31ರಂದು ಮುಚ್ಚಿತು, ಅದನ್ನೇ ನೆಚ್ಚಿಕೊಂಡಿದ್ದ ಪ್ರಿಂಟರುಗಳು ಮೊದಲಿನ ಸ್ಥಿತಿಗೇ ಮರಳಿದುವು.

ಹಳೆಯ ಯಂತ್ರದಲ್ಲಿ ಸ್ಕ್ಯಾನರೂ ಸೇರಿದ್ದರೆ ಅದು ಇನ್ನೊಂದು ಅಧ್ಯಾಯ. ಮುದ್ರಣಕ್ಕೆ ಮಾಡಿದ ಏರ್ಪಾಡು ಸ್ಕ್ಯಾನಿಗೆ ಒದಗುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಪೆಟ್ಟಿಗೆಯು ಅದನ್ನು ಗುರುತಿಸುವುದೇ ಇಲ್ಲ, ಪೈಯಲ್ಲಾದರೂ ಸೇನ್ ಎಂಬ ಬೇರೊಂದು ತಂತ್ರಾಂಶವನ್ನು ಹಾಕಿ ಮೊದಲಿನಿಂದ ಎಲ್ಲವನ್ನೂ ಹೊಂದಿಸಬೇಕು. ಅಷ್ಟು ತಾಳ್ಮೆ ಉಳಿದಿರುವವರು ಕಡಮೆ. ಮಿಕ್ಕವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸಿಬಿಡುತ್ತಾರೆ.