ಆಂಟಿಗಾದಲ್ಲೊಂದು ಬನಹಟ್ಟಿಯ ಮನೆ

ಬನಹಟ್ಟಿಯಲ್ಲಿ ಸಂಜೆಯ ನಾಲ್ಕೂವರೆ ಗಂಟೆ. ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ನಿಂತಿಲ್ಲ. ಅದೇ ಗಳಿಗೆಯಲ್ಲಿ, ಅಟ್ಲಾಂಟಿಕ್ ಮಹಾಸಾಗರವೂ ಕ್ಯಾರಿಬಿಯನ್ ಸಮುದ್ರವೂ ಸಂಧಿಸುವ ಆಂಟಿಗಾ ದ್ವೀಪದಲ್ಲಿ ಬೆಳಗಿನ ಏಳು ಗಂಟೆ. ನೇಕಾರ ಮನೆತನದ ಮಗಳೊಬ್ಬಳು ವೈದ್ಯಕೀಯ ಅಧ್ಯಾಪಕನಾದ ಪತಿಯೊಡನೆ ಅಲ್ಲಿ ಸಂಸಾರ ಹೂಡಿರುವಳೆಂದು ವಾಚಕರು ಭಾವಿಸಲಿ. ಮಗ ಶಾಲೆಗೆ ಹೊರಡುವ ಮುನ್ನ ಆಕೆ ತವರಿಗೆ ಫೋನು ಮಾಡುತ್ತಾಳೆ.

“ಅವ್ವಾ, ಚಾ ಆತೇನ?”

“ಆತವ್ವಾ. ನಿಮ್ಮದಿನ್ನೂ ನಾಷ್ಟಾ ಆಗಿಲ್ಲೇನ?”

ಇಬ್ಬರ ನಡುವೆ ಒಂಬತ್ತೂವರೆ ಗಂಟೆಗಳ ಅಂತರ.

ಇಂಥ ಸಂಸಾರ ಕೇವಲ ಕಲ್ಪನೆಯ ಕೂಸಲ್ಲ. ೨೦೦೪ರಲ್ಲಿ ಆಂಟಿಗಾದಲ್ಲಿ ಆರಂಭವಾದ ವೈದ್ಯಕೀಯ ವಿದ್ಯಾಲಯವೊಂದು ಮುಂದೆ ಮಣಿಪಾಲದ ಶಿಕ್ಷಣ ಸಮೂಹದ ಆಡಳಿತಕ್ಕೆ ಬಂದಿತು. ಕರಾವಳಿಯ ಆ ಪುಟ್ಟ ಊರಿಗೂ ಈ ದೂರದ ದ್ವೀಪಕ್ಕೂ ಅಂದಿನಿಂದ ದಾರಿಯೊಂದು ತೆರೆಯಿತು.

ದ್ವೀಪದ ವಿಸ್ತಾರ ಸುಮಾರು ೨೮೦ ಚದರ ಕಿಲೋಮೀಟರು ಮಾತ್ರ. ವರ್ಷವಿಡೀ ಹರಿಯುವ ನದಿಯೊಂದೂ ಅಲ್ಲಿಲ್ಲ. ಕೃಷ್ಣೆಯ ನೀರು ಕುಡಿದು ಬೆಳೆದವಳಿಗೆ ಮೊದಲು ಬಡಿಯುವ ಕೊರತೆ ಅದೇ. ಮಾಡಿನ ಮೇಲೆ ಬಿದ್ದ ಮಳೆಯನ್ನು ಮನೆಯ ತೊಟ್ಟಿಗೆ ಇಳಿಸಿಕೊಳ್ಳಬೇಕು. ಉಳಿದುದಕ್ಕೆ ಉಪ್ಪು ತೆಗೆದ ಕಡಲನೀರೇ ಗತಿ. ಜೂನಿನಿಂದ ನವೆಂಬರಿನವರೆಗೆ ಚಂಡಮಾರುತಗಳ ಭಯ. ೨೦೧೭ರ ಸೆಪ್ಟೆಂಬರಿನಲ್ಲಿ ‘ಇರ್ಮಾ’ ಬೀಸಿದಾಗ ನೆರೆಯ ಬಾರ್ಬುಡಾ ದ್ವೀಪದ ಜನರೆಲ್ಲರೂ ಮನೆಮಾರು ತೊರೆದು ಆಂಟಿಗಾದ ಆಶ್ರಯಕ್ಕೆ ಬರಬೇಕಾಯಿತು.

ಆದರೂ ಆ ನೆಲ ತೀರ ಅಪರಿಚಿತವೆನಿಸದು. ಬಯಲಿನಲ್ಲಿ ಅಲ್ಲಲ್ಲಿ ಕಲ್ಲಿನ ದುಂಡು ಗೋಪುರಗಳು ನಿಂತಿವೆ. ಅವು ಒಂದು ಕಾಲದಲ್ಲಿ ಗಾಳಿಯ ಬಲದಿಂದ ಕಬ್ಬು ಅರೆಯುತ್ತಿದ್ದ ಗಾಣಗಳು. ಜಮಖಂಡಿ, ಮುಧೋಳದ ಕಬ್ಬಿನ ಗದ್ದೆಗಳನ್ನು ಕಂಡವಳು ಅವುಗಳ ಮುಂದೆ ಒಂದು ಕ್ಷಣ ನಿಲ್ಲುತ್ತಾಳೆ. ಆದರೆ ಅಲ್ಲಿ ಕಬ್ಬು ಕಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ೧೮೩೪ರ ಆಗಸ್ಟ್ ೧ರಂದು ಅವರಿಗೆ ಬಿಡುಗಡೆಯಾಯಿತು.

ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿಲ್ಲ. ಊರಿನಿಂದ ತಂದ ಶೇಂಗಾ ಚಟ್ನಿ ಮುಗಿಯುತ್ತ ಬಂದಿದೆ. ಆದರೆ ನೆರೆಯಾಕೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯೊಡನೆ ಬೇಯಿಸಿ, ತೊಳಸಿ, ಉಂಡೆ ಕಟ್ಟಿ ಬಡಿಸುವ ‘ಫಂಜಿ’ಯನ್ನು ಕಂಡಾಗ ಮುದ್ದೆಯ ನೆನಪಾಗದಿರುವುದುಂಟೆ? ಅಂಗಡಿಯೊಳಗೆ ಕಾಲಿಟ್ಟೊಡನೆ ಎಲ್ಲರಿಗೂ ಶುಭ ಕೋರುವುದು ಅಲ್ಲಿಯ ವಾಡಿಕೆ. ಸುಮ್ಮನೆ ಒಳನುಗ್ಗಿದವರು ಒರಟರೆನಿಸುತ್ತಾರೆ. ಕಂಡವರನ್ನೆಲ್ಲ ‘ಆರಾಮೇನ್ರಿ’ ಎಂದು ವಿಚಾರಿಸುವ ಊರಿನಿಂದ ಬಂದವಳಿಗೆ ಈ ಪಾಠ ಕಷ್ಟವಾಗದು.

ಕಷ್ಟವಾಗುವುದು ಮಗನ ವಿಷಯದಲ್ಲಿ. ಅಲ್ಲಿಯ ಶಾಲೆಯೂ ಇಂಗ್ಲಿಷು, ಆಟದ ಬಯಲೂ ಇಂಗ್ಲಿಷು. ತಾಯಿ ಕನ್ನಡದಲ್ಲಿ ಕೇಳಿದುದಕ್ಕೆ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಮೊದಮೊದಲು ನಗು ಬರುತ್ತದೆ. ಬರಬರುತ್ತ ಎದೆ ಅಳುಕುತ್ತದೆ.

ಆ ಅಳುಕು ಅಕಾರಣವಲ್ಲವೆಂಬುದಕ್ಕೆ ದಕ್ಷಿಣದಲ್ಲಿರುವ ಟ್ರಿನಿಡಾಡ್ ದ್ವೀಪವೇ ಸಾಕ್ಷಿ. ೧೮೪೫ರ ಮೇ ೩೦ರಂದು ‘ಫತೇಲ್ ರಜಾಕ್’ ಎಂಬ ಹಡಗು ಅಲ್ಲಿಗೆ ಮೊದಲ ಭಾರತೀಯ ಕೂಲಿಗಳನ್ನು ಹೊತ್ತು ತಂದಿತು. ೧೯೧೭ರೊಳಗಾಗಿ ೧,೪೦,೦೦೦ಕ್ಕೂ ಹೆಚ್ಚು ಮಂದಿ ಹಾಗೆ ಬಂದಿಳಿದರು. ಅವರ ರೊಟ್ಟಿ ಇಂದು ಆ ನಾಡಿನವರೆಲ್ಲರ ಊಟ. ಅವರ ದೀಪಾವಳಿ ಎಲ್ಲರಿಗೂ ರಜೆಯ ದಿನ. ಆದರೆ ಅವರಲ್ಲಿ ಬಹುಮಂದಿಯ ಮನೆಮಾತಾಗಿದ್ದ ಭೋಜಪುರಿ ಕೆಲವು ವೃದ್ಧರ ಬಾಯಲ್ಲಿ ಮಾತ್ರ ಉಳಿದಿದೆ. ಹೊಟ್ಟೆ ಮರೆಯದುದನ್ನು ನಾಲಗೆ ಮರೆಯಿತು.

ನವೆಂಬರ್ ೧ ಬರುತ್ತದೆ. ಬನಹಟ್ಟಿಯಲ್ಲಿ ಅದು ರಾಜ್ಯೋತ್ಸವ. ಆಂಟಿಗಾಕ್ಕೂ ಅದು ಹಬ್ಬವೇ. ೧೯೮೧ರಲ್ಲಿ ಆ ನಾಡು ಸ್ವತಂತ್ರವಾದುದು ಅದೇ ದಿನ. ಅಂದಿನ ಸಂಭ್ರಮದಲ್ಲಿ ಹೆಂಗಸರು ಧರಿಸುವ ರಾಷ್ಟ್ರೀಯ ಉಡುಪಿನಲ್ಲಿ ಬಣ್ಣದ ಚೌಕುಳಿಯ ಹತ್ತಿಬಟ್ಟೆಯುಂಟು. ಅದರ ಹೆಸರು ‘ಮದ್ರಾಸ್’. ನಮ್ಮ ದಕ್ಷಿಣದ ಕೈಮಗ್ಗಗಳಲ್ಲಿ ಹುಟ್ಟಿದ ಈ ಬಗೆಯ ಬಟ್ಟೆಯನ್ನು ಐರೋಪ್ಯ ವರ್ತಕರು ಶತಮಾನಗಳ ಹಿಂದೆಯೇ ಈ ದ್ವೀಪಗಳಿಗೆ ಮುಟ್ಟಿಸಿದ್ದರು.

ನೇಕಾರನ ಮಗಳು ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ, ಹಾಸು ಹೊಕ್ಕುಗಳನ್ನು ನೋಡುತ್ತಾಳೆ. ಸಾಗರ ದಾಟಿದ ಬಟ್ಟೆ ಬಾಳಿತು. ಬಂದರಿನ ಹೆಸರೂ ಉಳಿಯಿತು. ನೇಯ್ದವನ ಹೆಸರು ಮಾತ್ರ ಯಾರಿಗೂ ತಿಳಿಯದು. ಬಟ್ಟೆಯನ್ನು ವರ್ತಕ ಒಯ್ದಾನು. ಮಾತನ್ನು ಮನೆಯವರೇ ಹೊರಬೇಕು.

ಮರುದಿನ ಬೆಳಿಗ್ಗೆ ಏಳಕ್ಕೆ ಆಕೆ ಫೋನನ್ನು ಮಗನ ಕೈಗೆ ಕೊಡುತ್ತಾಳೆ. ಆಚೆಯಲ್ಲಿ ಮಗ್ಗದ ಸದ್ದು. ಹುಡುಗ ತುಸು ತಡವರಿಸಿ ಕೇಳುತ್ತಾನೆ:

“ಅಜ್ಜಾ, ಇವತ್ತ ಯಾವ ಬಣ್ಣದ ಸೀರಿ ನೇಯಾಕತ್ತೀರಿ?”